ಗೇಟುಗಳ ಪಟ್ಟಾಂಗ

ಪುರಸಭೆ ಅಧ್ಯಕ್ಷೆಯವರ ವಾರ್ಷಿಕ ಭಾಷಣಕ್ಕೆ ನಾನು ವಿಡಿಯೋ ಮಾಡಿಕೊಡಬೇಕಿತ್ತು. "ಕಾಪು ಕಡೆಯ ಹೊಸ ಬಡಾವಣೆ ತೆಗೆಯಿರಿ. ಊರು ಬೆಳೆದದ್ದು ಕಾಣಬೇಕು, ಜನ ಒಟ್ಟಿಗಿರುವುದೂ ಕಾಣಬೇಕು," ಎಂದಿದ್ದರು. ಜನರಿಲ್ಲದ ವಿಡಿಯೋ ತಂದರೆ ಮುಂದಿನ ಕೆಲಸ ಬೇರೆಯವರಿಗೆ.

ಮುಸ್ಸಂಜೆಗೆ ಹೋದೆ. ಎರಡೂ ಬದಿಗೆ ಅರಮನೆಯಂಥ ಮನೆಗಳು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ನೋಡುತ್ತಿದ್ದಂತೆ ಎಲ್ಲ ಮನೆಗಳ ದೀಪಗಳೂ ಒಮ್ಮೆಲೇ ಹೊತ್ತಿಕೊಂಡವು. ಟ್ರೈಪಾಡ್ ನಿಲ್ಲಿಸಿ ರೆಕಾರ್ಡಿಂಗ್ ಶುರುಮಾಡಿದೆನಷ್ಟೆ, ಪಕ್ಕದ ಗೇಟು ಹೆಂಗಸಿನ ಸ್ವರದಲ್ಲಿ ಕೇಳಿತು:

"ಯಾರು? ಎಂತ ಬೇಕಿತ್ತು?"

ಗೇಟಿನ ಕಂಬದಲ್ಲಿ ಕ್ಯಾಮರಾ, ಅದರ ಕೆಳಗೆ ಸಣ್ಣ ಸ್ಪೀಕರ್. "ಪುರಸಭೆಯ ಶೂಟಿಂಗ್ ಮೇಡಂ. ಒಮ್ಮೆ ಹೊರಗೆ ಬರ್ತೀರಾ?"

"ನಾನು ದುಬೈಯಲ್ಲಿದ್ದೇನೆ ಮಾರಾಯ್ರೆ. ಮನೆಯಲ್ಲಿ ಯಾರೂ ಇಲ್ಲ."

ಅಷ್ಟರಲ್ಲಿ ಎದುರಿನ ಗೇಟು ಮಾತಾಡಿತು. "ಗ್ರೇಸಿ, ಯಾರಂತೆ?"

"ಪುರಸಭೆಯವರಂತೆ. ನಿಮ್ಮದು ಚಹಾ ಆಯ್ತಾ ಶಶಿಯಕ್ಕ?"

"ಆಗ್ತಾ ಉಂಟು. ದೋಹಾದಲ್ಲಿ ಈಗಲ್ವಾ ಚಹಾದ ಹೊತ್ತು!"

ಅದಕ್ಕೆ ಆಚೆಯ ಇನ್ನೊಂದು ಗೇಟು ನಕ್ಕಿತು. ಸಾಮಾನು ಕಟ್ಟಿಕೊಂಡು ಹೊರಟಾಗ ಬೆನ್ನ ಹಿಂದೆ ಮತ್ತೆ ಕೇಳಿಸಿತು.

"ಅವರು ಹೋದರಾ?"

"ಹೋದರು. ಇನ್ನು ಮಾತಾಡುವ."

ದುಬೈ, ದೋಹಾ ಎಂದದ್ದನ್ನೆಲ್ಲ ಕತ್ತರಿಸಿ ವಿಡಿಯೋ ಒಪ್ಪಿಸಿದೆ. ಅಧ್ಯಕ್ಷೆ ನೋಡಿ ಖುಷಿಪಟ್ಟರು. "ನೆರೆಕರೆಯವರು ಎಷ್ಟು ಚೆಂದ ಮಾತಾಡ್ತಾರೆ! ಇದೇ ಅಲ್ವಾ ಊರು ಅಂದರೆ? ಆದರೆ ಒಬ್ಬರ ಮುಖವೂ ಯಾಕೆ ಕಾಣುವುದಿಲ್ಲ?"

"ಕತ್ತಲಾಗಿತ್ತು ಮೇಡಂ," ಎಂದೆ.

ಪರದೆಯ ತುಂಬ ದೀಪಗಳು ಝಗಝಗ ಉರಿಯುತ್ತಿದ್ದವು. ಅವರು ಹೌದೆಂದು ತಲೆಯಾಡಿಸಿದರು.