ನಾಲ್ಕನೇ ಹಾಸಿಗೆಯ ಯಜಮಾನರು
ಡಯಾಲಿಸಿಸ್ ಕೋಣೆಯ ನಾಲ್ಕನೇ ಹಾಸಿಗೆ ಯಾರದೆಂದು ಕೇಳಿದರೆ ನರ್ಸಮ್ಮಂದಿರು ನಗುತ್ತಾರೆ. ಹನ್ನೊಂದು ವರ್ಷದಿಂದ ಅದು ಯಜಮಾನರದು. ವಾರಕ್ಕೆ ಮೂರು ಸಲ ಬೆಳಿಗ್ಗೆ ಆರಕ್ಕೇ ಹಾಜರಾಗಿ, ಚಪ್ಪಲಿ ಕಳಚಿ ತೂಕದ ಯಂತ್ರ ಹತ್ತಿ, ಮುಳ್ಳು ನಿಲ್ಲುವ ಮೊದಲೇ "ಎರಡೂಕಾಲು ಕಿಲೋ ನೀರು ಏರಿದೆ, ಬರ್ಕೊಳಮ್ಮಾ" ಎಂದುಬಿಡುತ್ತಾರೆ. ಕುಡಿಯುವ ನೀರನ್ನು ಔಷಧದ ಮುಚ್ಚಳದಲ್ಲಿ ಅಳೆಯುವ ಈ ಮನುಷ್ಯ ಮಾತಿಗೆ ಮಾತ್ರ ಎಂದೂ ಅಳತೆ ಇಟ್ಟವರಲ್ಲ. ಸೂಜಿ ಕಂಡು ಬೆವರುವ ಹೊಸಬರು ಸಿಕ್ಕರಂತೂ ಯಜಮಾನರನ್ನು ಹಿಡಿಯುವವರೇ ಇಲ್ಲ. ಎಡಗೈ ಚಾಚಿ, ಡಾಕ್ಟರು ರಕ್ತನಾಳ ಜೋಡಿಸಿ ಹೊಲಿದ ಉಬ್ಬಿನ ಮೇಲೆ ಹೊಸಬರ ಬೆರಳಿಡಿಸಿ, "ರಕ್ತ ಗುಂಯ್ ಅಂತಿದೆಯಾ? ಅದು ನಿಂತರೆ ಹೆದರ್ಕೊಳ್ಳಿ. ಅಲ್ಲೀವರೆಗೂ ಬಿಸ್ಕತ್ತು ತಿಂತಾ ಇರಿ" ಎನ್ನುತ್ತಾರೆ. ಕೊರೊನಾ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗಲೂ, "ಮನೇಲಿರಿ ಅನ್ನೋ ಮಾತು ಕಿಡ್ನಿ ಇರೋರಿಗೆ" ಎಂದು ಮಾಸ್ಕ್ ಏರಿಸಿ, ಖಾಲಿ ರಸ್ತೆಯ ನಟ್ಟನಡುವೆ ಗತ್ತಿನಿಂದ ನಡೆದು ಬಂದವರು. ಕೊನೆಗೆ ಸೋಂಕು ಅವರನ್ನೂ ಬಿಡಲಿಲ್ಲ. ಗಾಜಿನ ಗೋಡೆಯಾಚೆಯ ಒಂಟಿ ಕೋಣೆಗೆ ಅವರನ್ನೂ ಒಂದು ಡಯಾಲಿಸಿಸ್ ಯಂತ್ರವನ್ನೂ ಸಾಗಿಸಿದರು; ಅಲ್ಲಿಂದಲೇ ಕೈಸನ್ನೆಯಲ್ಲಿ ಎಲ್ಲರ ಮೇಲೆ ದರ್ಬಾರು ನಡೆಸಿದರು. ಆದರೆ ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿ ಮಾತೇ ಹೊರಡದಾದ ಆ ಎರಡು ವಾರ, ಹೆಂಡತಿ ಮನೆಯಿಂದ ಫೋನ್ ಮಾಡಿ "ಹೇಗಿದ್ದೀರಿ?" ಎಂದಾಗಲೆಲ್ಲ, ಯಜಮಾನರು ಫೋನನ್ನು ಕಿವಿಯಿಂದ ತೆಗೆದು ಎಡಗೈಯ ಉಬ್ಬಿಗೆ ಒತ್ತಿ ಹಿಡಿಯುತ್ತಿದ್ದರು. ಆ ಕಡೆ ಆಕೆ ಉಸಿರು ಬಿಗಿಹಿಡಿದು ಆಲಿಸಿ, "ಹೂಂ, ಕೇಳಿಸ್ತು. ಇನ್ನು ಮಲಕ್ಕೊಳ್ಳಿ" ಎಂದು ಫೋನಿಡುತ್ತಿದ್ದರು.