ಬಣ್ಣ ಹೊಡೆಸಿದ ಗಾಡಿ ತರಲು ದಾವಣಗೆರೆಗೆ

ನಂದಿಗುಡಿಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿದ್ದದ್ದು ಒಂದೇ ಚೀಲ. ಅದರೊಳಗೆ ಹೆಂಡತಿಯ ತವರಿಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ಇತ್ತು. ಸ್ವಂತ ಮೋಟಾರ್ ಸೈಕಲ್ ಇರುವ ಮನುಷ್ಯ ಬಸ್ಸಿನಲ್ಲಿ ಯಾಕೆ ಕೂತಿದ್ದಾನೆಂದು ಊರವರೆಲ್ಲ ನೋಡಿದರು. ಗಾಡಿಯನ್ನು ದಾವಣಗೆರೆಯಲ್ಲಿ ಬಣ್ಣಕ್ಕೆ ಬಿಟ್ಟಿದ್ದೆ. ಹೆಂಡತಿ ಸರೋಜಳೂ ದಾವಣಗೆರೆಯಲ್ಲೇ ಇದ್ದಳು. ಎರಡನ್ನೂ ಒಂದೇ ದಿನ ಮನೆಗೆ ತರಬೇಕಿತ್ತು.

ಹರಿಹರಕ್ಕೆ ಟಿಕೆಟ್ಟು ಹನ್ನೆರಡಾಣೆ. ಕಂಡಕ್ಟರ್ ಚಿಲ್ಲರೆಯನ್ನು ನಯಾಪೈಸೆಯಲ್ಲಿ ಕೊಟ್ಟ. ಸರ್ಕಾರ ಈ ಹೊಸ ಲೆಕ್ಕ ತಂದಾಗಿನಿಂದ ಎಲ್ಲೋ ಒಂದು ಕಡೆ ನಮಗೆ ಕಡಿಮೆ ಬೀಳುತ್ತಿದೆ ಎಂದೇ ನನ್ನ ಅನುಮಾನ. ಹೇಳಿದರೆ ಜನ ನಗುತ್ತಾರೆ.

ನಮ್ಮ ಮದುವೆಯಾದದ್ದು ವೈಶಾಖದಲ್ಲಿ. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗುವುದು ವಾಡಿಕೆ, ಸರೋಜಳೂ ಹೋದಳು. ಶ್ರಾವಣದಲ್ಲಿ ಬರಬೇಕಾದವಳು ಬರಲಿಲ್ಲ. ಗೌರಿ ಹಬ್ಬ ಕಳೆದರೂ ಬರಲಿಲ್ಲ. ಕಾರಣ ತುಪ್ಪದ ಗಡಿಗೆ. ಗಡಿಗೆಯ ಒಳಗೆ ತುಪ್ಪ ಎಲ್ಲಿವರೆಗೆ ಇದೆಯೋ ಅಲ್ಲಿ ನಾನು ಮೊಳೆಯಿಂದ ಒಂದು ಗೀಟು ಎಳೆದಿಟ್ಟಿದ್ದೆ. ಅದು ಬೆಕ್ಕಿನ ಮೇಲಿನ ಅನುಮಾನಕ್ಕೆ, ಹೆಂಡತಿಯ ಮೇಲಿನದಲ್ಲ. ಆದರೆ ಗೀಟು ಕಣ್ಣಿಗೆ ಬಿದ್ದದ್ದು ಅವಳಿಗೆ, ಬೆಕ್ಕಿಗಲ್ಲ.

ಕೊನೆಗೆ ಅವಳ ತಮ್ಮ ಮಲ್ಲಿಕಾರ್ಜುನ ನಮ್ಮೂರಿಗೆ ಬಂದ. ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುವ, ಮಾತಿನಲ್ಲಿ ಚುರುಕಾದ ಹುಡುಗ. ಕಟ್ಟೆ ಮೇಲೆ ಕೂತು, ಅಕ್ಕನ ಷರತ್ತನ್ನು ಒಪ್ಪಿಸಿದ.

"ನಿಮ್ ಗಾಡಿ ನನ್ನ ಗೆಳೆಯ ತಿಪ್ಪೇಶಿ ಹತ್ರ ಬಿಡ್ರಿ ಭಾವ. ಬಣ್ಣ ಹೊಡ್ದು, ಅಕ್ಕ ಕೂರಕ್ಕೆ ಹಿಂದ್ಗಡೆ ಒಂದು ಸೀಟು ಹಾಕ್ತಾನೆ. ಮಧ್ಯ ಬಂದು ಇಣುಕದು, ಕೆದಕದು ಬ್ಯಾಡ. ತಗಂಡು ಹೋಗೋವಾಗ್ಲೂ ಅನುಮಾನದ್ದು ಒಂದು ಮಾತು ಆಡಂಗಿಲ್ಲ. ಹಂಗಾದ್ರೆ ಅದೇ ಗಾಡ್ಯಾಗೆ ಬರ್ತಾಳಂತೆ. ಇಲ್ಲಾಂದ್ರೆ ಇಲ್ಲಂತೆ."

ಗಾಡಿಯ ವಿಚಾರ ಹೇಳಬೇಕು. ಅದು ಯುದ್ಧದ ಕಾಲದ್ದು, ಮಿಲಿಟರಿಯವರು ಹರಾಜು ಹಾಕಿದ್ದು, ಸಗಣಿ ಒಣಗಿದಂಥ ಹಸಿರು ಬಣ್ಣ. ಹಿಂದೆ ಒಂದು ಕಬ್ಬಿಣದ ಕ್ಯಾರಿಯರ್. ನಮ್ಮ ಎಲೆತೋಟದ ಪೆಂಡಿಗಳನ್ನು ಅದರ ಮೇಲೆ ಹೇರಿಕೊಂಡು ದಾವಣಗೆರೆ ಪೇಟೆಗೆ ಹಾಕುವುದು ನನ್ನ ಕಸುಬು. ನೋಡಲು ಎಮ್ಮೆಯ ಹಾಗೆ ಇತ್ತು, ಒಪ್ಪುತ್ತೇನೆ. ಮದುವೆಯಾದ ಮೇಲೆ ಸರೋಜ ಆ ಕ್ಯಾರಿಯರ್ ಮೇಲೆ ಕಂಬಳಿ ಮಡಿಸಿಕೊಂಡು ಕೂತು ಬಂದಾಗ ಅವಳ ಓರಗೆಯವರು ನಕ್ಕಿದ್ದರಂತೆ. ಸರಿ, ಚಂದ ಮಾಡಿಸೋಣ. ಆದರೆ ಕ್ಯಾರಿಯರ್ ತೆಗೆಯಬಾರದು, ಮಡ್‌ಗಾರ್ಡ್ ಕತ್ತರಿಸಬಾರದು ಎಂದು ನಾನೂ ಎರಡು ಷರತ್ತು ಹಾಕಿದೆ. ಗದ್ದೆ ದಾರಿಯ ಕೆಸರು ದಾವಣಗೆರೆಯ ಷೋಕಿಲಾಲರಿಗೆ ಏನು ಗೊತ್ತು?

ಒಪ್ಪಿದೆನೇ ಹೊರತು ನಂಬಲಿಲ್ಲ. ಗಾಡಿ ಬಿಡುವ ಹಿಂದಿನ ಸಂಜೆ ದನದ ಕೊಟ್ಟಿಗೆಯಲ್ಲಿ ಕೂತು, ಮೊಳೆ ತಗೊಂಡು, ಪೆಟ್ರೋಲ್ ಟ್ಯಾಂಕಿನ ಹೊಟ್ಟೆಗೆ, ಮಡ್‌ಗಾರ್ಡಿನ ಅಂಚಿಗೆ, ಲೈಟಿನ ಬುರುಡೆಗೆ, ಹ್ಯಾಂಡಲಿಗೆ, ಕ್ಯಾರಿಯರ್ ಪಟ್ಟಿಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಮೂರು ಗೀಟು ಒಂದು ಚುಕ್ಕಿ ಗೀಚಿದೆ. ನಮ್ಮ ಕಡೆ ಆಯಿಲ್ ಇಂಜಿನ್ ರಿಪೇರಿಗೆ ಬಿಡುವವರೆಲ್ಲ ಹೀಗೇ ಗುರುತು ಹಾಕುತ್ತಾರೆ. ಒಳ್ಳೆ ಸಾಮಾನು ಕಳಚಿ ಸವೆದದ್ದು ಕೂರಿಸುವುದು ಪೇಟೆಯವರಿಗೆ ಎಷ್ಟು ಹೊತ್ತಿನ ಕೆಲಸ?

ಹರಿಹರದಲ್ಲಿ ಇಳಿದಾಗ ಹೊಳೆ ಕಡೆಯಿಂದ ಗಾಳಿ ಬೀಸುತ್ತಿತ್ತು. ದಾವಣಗೆರೆ ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ, ಚಹಾ ಮುಗಿಸಿದೆ. ಎದುರಿಗೆ ಕೂತಿದ್ದ ಮುದುಕರೊಬ್ಬರು ಎಲ್ಲಿಗೆ, ಯಾಕೆ ಎಂದು ವಿಚಾರಿಸಿದರು. ಹೇಳಿದೆ.

"ದಾವಣಗೆರ್ಯಾಗೆ ಬಿಟ್ಟೀರಾ?" ಅವರು ಮಿರ್ಚಿಯ ತೊಟ್ಟು ಪಕ್ಕಕ್ಕಿಟ್ಟರು. "ನಾನೂ ಒಂದ್ಸಲ ಸೈಕಲ್ ಬಿಟ್ಟಿದ್ದೆ. ವಾಪಸ್ ಬಂತು. ಹಿಂದಿನ ಚಕ್ರ ಮಾತ್ರ ಯಾರ್ದೋ."

ಚಹಾದ ದುಡ್ಡು ಕೊಟ್ಟು ಎದ್ದೆ. ಅಲ್ಲಿಂದ ದಾವಣಗೆರೆಗೆ ಒಂಬತ್ತು ಮೈಲಿ. ಅಷ್ಟೂ ದಾರಿ ನಾನು ಮನಸ್ಸಿನಲ್ಲೇ ಗಾಡಿಯ ಒಂದೊಂದು ಸಾಮಾನನ್ನೂ ಮುಟ್ಟಿ ನೋಡುತ್ತಾ ಕೂತೆ.

ದಾವಣಗೆರೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿಯಲ್ಲಿ ಹತ್ತಿಯ ಎಳೆಗಳು ಹಾರಿ ಬಂದು ಮೀಸೆಗೆ ಅಂಟುತ್ತಿದ್ದವು. ತಿಪ್ಪೇಶಿಯ ಅಂಗಡಿ ಹಳೇ ಪೇಟೆಯ ಒಂದು ಓಣಿಯಲ್ಲಿ. ನಾನು ತಲುಪುವ ಹೊತ್ತಿಗೆ ಸರೋಜ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮಲ್ಲಿಕಾರ್ಜುನ. ಇವರು ಮೂವರೂ ಇಲ್ಲಿ ಯಾಕೆ ಜಮಾಯಿಸಿದ್ದಾರೆ ಎಂದು ನನಗೆ ಆಗಲೇ ಸಂಶಯ ಬಂತು. ಎಲೆಯ ಚೀಲವನ್ನು ಮಲ್ಲಿಕಾರ್ಜುನನ ಕೈಗೆ ಕೊಟ್ಟೆ.

ತಿಪ್ಪೇಶಿ ಗೋಣಿತಾಟು ಸರಿಸಿದ. ಗಾಡಿ ನೋಡಿ ನಿಜಕ್ಕೂ ದಂಗಾದೆ. ಕುಂಕುಮಕ್ಕಿಂತ ಗಾಢವಾದ ಕೆಂಪು, ಟ್ಯಾಂಕಿನ ಎರಡು ಪಕ್ಕಕ್ಕೂ ಕೆನೆ ಬಣ್ಣದ ಪಟ್ಟಿ, ಹ್ಯಾಂಡಲಿಗೆ ಹೊಳೆಯುವ ನಿಕ್ಕಲ್. ಚಕ್ರಕ್ಕೆ ಸೀರೆ ಸಿಕ್ಕಿಕೊಳ್ಳದ ಹಾಗೆ ಎಡಗಡೆ ತಂತಿಯ ಬಲೆ. ಮಡ್‌ಗಾರ್ಡ್ ಪೂರ್ತಿ ಇತ್ತು. ಹಿಂದೆ ಕಪ್ಪು ರೆಕ್ಸಿನ್ನಿನ ಮೆತ್ತನೆಯ ಸೀಟು.

"ಎರಡು ಕೊಂಡಿ ಬಿಚ್ಚಿದ್ರೆ ಸೀಟು ಎದ್ದು ಬರ್ತೈತೆ ರುದ್ರಣ್ಣ. ಕೆಳಗೆ ನಿಮ್ ಕ್ಯಾರಿಯರ್ ಇದ್ದಂಗೇ ಐತೆ. ದಿನಾ ಎಲೆ ಹೇರ್ರಿ, ಹಬ್ಬಕ್ಕೆ ಹೆಂಡ್ತಿ ಕೂರಿಸ್ರಿ. ತೆಗ್ದು ತೋರ್ಸ್ಲಾ?" ಎಂದು ತಿಪ್ಪೇಶಿ ನನ್ನನ್ನು ಕೇಳಿದ.

ಸರೋಜ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬ್ಯಾಡ ಬಿಡು" ಎಂದೆ.

ಆದರೆ ಕೈ ಕೇಳಬೇಕಲ್ಲ. ಪೆಟ್ರೋಲಿನ ನಲ್ಲಿ ತಿರುಗಿಸುವ ನೆಪದಲ್ಲಿ ಟ್ಯಾಂಕಿನ ಹೊಟ್ಟೆ ಸವರಿದೆ. ನುಣ್ಣಗಿತ್ತು. ಪಂಚೆ ಎತ್ತಿ ಕಟ್ಟುವವನಂತೆ ಬಗ್ಗಿ ಮಡ್‌ಗಾರ್ಡಿನ ಅಂಚು ನೋಡಿದೆ. ನುಣ್ಣಗೆ. ಲೈಟಿನ ಬುರುಡೆ ಒರೆಸಿದೆ. ಅಲ್ಲೂ ಇಲ್ಲ. ಒಂದು ಗೀಟಿಲ್ಲ, ಒಂದು ಚುಕ್ಕಿ ಇಲ್ಲ. ಒಂದೋ ಎರಡೋ ಸಾಮಾನಲ್ಲ, ಗಾಡಿಗೆ ಗಾಡಿಯನ್ನೇ ಬದಲಾಯಿಸಿದ್ದಾರೆ.

"ಏನಾರ ಕೇಳದೈತಾ ಭಾವ?" ಎಂದ ಮಲ್ಲಿಕಾರ್ಜುನ.

ಕೇಳಿದರೆ ಹೆಂಡತಿ ಹೋದಳು. ಕೇಳದಿದ್ದರೆ ಯಾರದೋ ಸಾಮಾನಿನ ಮೇಲೆ ಎಲೆ ಹೇರಿಕೊಂಡು ಜೀವಮಾನ ಕಳೆಯಬೇಕು. ತಿಪ್ಪೇಶಿ ಬೇಕಂತಲೇ ಎಂಬಂತೆ ನಿಧಾನವಾಗಿ ಕೈ ಒರೆಸಿಕೊಳ್ಳುತ್ತಿದ್ದ. ಸರೋಜ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅವಳಿಗೂ ಭಯವಿದೆ ಎಂದು ಆಗ ತಿಳಿಯಿತು. ಅವಳಿಲ್ಲದ ಮನೆಯಲ್ಲಿ ನಾನೊಬ್ಬನೇ ಮುದ್ದೆ ತಿರುವಿದ ದಿನಗಳು ನೆನಪಾದವು.

"ಏನಿಲ್ಲಪ್ಪ. ಚಲೋ ಮಾಡ್ಯಾನೆ" ಎಂದೆ. ಆ ಮಾತಾಡಲು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಸರೋಜ ಎದ್ದಳು. ಟ್ರಂಕನ್ನು ಮಲ್ಲಿಕಾರ್ಜುನ ನಾಳೆ ಬಸ್ಸಿಗೆ ಹಾಕುತ್ತೇನೆಂದ. ಗಾಡಿ ಎರಡನೇ ಒದೆತಕ್ಕೆ ಸ್ಟಾರ್ಟ್ ಆಯಿತು. ನನ್ನ ಗಾಡಿ ಯಾವತ್ತೂ ಎರಡನೇ ಒದೆತಕ್ಕೆ ಸ್ಟಾರ್ಟ್ ಆದದ್ದಿಲ್ಲ. ಅದೂ ಒಂದು ಅನುಮಾನವಾಗಿ ಸೇರಿತು.

ಹರಿಹರದ ರಸ್ತೆಯಲ್ಲಿ ಎತ್ತಿನ ಗಾಡಿಯವರು ತಿರುಗಿ ತಿರುಗಿ ನೋಡಿದರು. ಸರೋಜ ಹಿಂದೆ ಕೂತು ಜೋಳದ ಹೊಲ, ಮೋಡ, ಸೀಟಿನ ಮೆತ್ತನೆ, ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು. ನಾನು ಹೂಂ ಎನ್ನುತ್ತಾ ಇಂಜಿನ್ನಿನ ಸದ್ದು ಕೇಳುತ್ತಿದ್ದೆ. ಸದ್ದು ನನ್ನದೇ ಅನಿಸುತ್ತಿತ್ತು. ಬ್ರೇಕು ಪರಕೀಯ ಅನಿಸುತ್ತಿತ್ತು.

ಹರಿಹರದಲ್ಲಿ ದೇವಸ್ಥಾನಕ್ಕೆ ಕೈ ಮುಗಿದು, ಹೊಳೆ ದಂಡೆಯ ಮರದ ನೆರಳಲ್ಲಿ ಗಾಡಿ ನಿಲ್ಲಿಸಿದೆವು. ಅವಳ ತಾಯಿ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿ ಬಿಚ್ಚಿದಳು. ಅವಳು ಕೈ ತೊಳೆಯಲು ನೀರಿಗೆ ಇಳಿದದ್ದೇ ತಡ, ನಾನು ನೆಲಕ್ಕೆ ಕೂತು ಗಾಡಿಯ ಅಡಿಗೆ ತಲೆ ತೂರಿಸಿದೆ.

"ಗೀಟು ಹುಡುಕ್ತಿದೀರೇನು?"

ತಲೆ ಎತ್ತುವಾಗ ಸೈಲೆನ್ಸರಿಗೆ ಹಣೆ ತಗುಲಿ ಚುರ್ ಎಂದಿತು. ಸರೋಜ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ನಿಂತಿದ್ದಳು.

"ಬಣ್ಣ ಹೊಡಿಯೋನು ಮೊದ್ಲು ಗೀರೆಲ್ಲ ಉಜ್ಜಿ ತೆಗಿತಾನಲ್ರಿ. ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ? ತಿಪ್ಪೇಶಿ ಎಮರಿ ಕಾಗದ ಹಿಡ್ಕಂಡು ಉಜ್ಜಿ ಉಜ್ಜಿ ಸಾಕಾಗಿ ನಮ್ಮನಿಗೆ ಬಂದಿದ್ದ. ಇದೇನಕ್ಕ, ನಿನ್ ಗಂಡ ಗಾಡಿಗೆಲ್ಲ ಹಚ್ಚೆ ಹಾಕ್ಸ್ಯಾನಲ್ಲ ಅಂದ."

"ಮತ್ತೆ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಸಿಟ್ಟೂ ಬಂದಿತ್ತು. ಗೀಟು ಕಾಣ್ದೆ ಹೋದ್ರೆ ಬಾಯಿ ಬಿಡ್ತಾರೆ, ನಾನು ನಿಮ್ ಜೊತಿ ಬರದು ತಪ್ತೈತೆ ಅಂದ್ಕಂಡೇ ಅಂಗಡಿಗೆ ಬಂದಿದ್ದೆ. ನೀವು ಏನಿಲ್ಲ ಅಂದ್ರಿ."

ಅವಳು ಬಗ್ಗಿ ಸೀಟಿನ ಎರಡು ಕೊಂಡಿ ಬಿಚ್ಚಿ ಮೇಲೆತ್ತಿದಳು. ಕೆಳಗೆ ನನ್ನ ಕ್ಯಾರಿಯರ್. ಉದ್ದದ ಪಟ್ಟಿಯ ಮೇಲೆ, ಅಂಗೈಯಷ್ಟು ಜಾಗದಲ್ಲಿ, ಹಳೆಯ ಹಸಿರು ಹಾಗೇ ಇತ್ತು. ಆ ಹಸಿರಿನ ಮೇಲೆ ಮೂರು ಗೀಟು, ಒಂದು ಚುಕ್ಕಿ.

"ಇದೊಂದು ಉಳ್ಸು ಅಂತ ನಾನೇ ಹೇಳಿದ್ದೆ" ಎಂದಳು. "ಇಲ್ಲಾಂದ್ರೆ ನಿಮಗೆ ನಿದ್ದಿ ಬರಂಗಿಲ್ಲ."

ನನಗೆ ನಾಚಿಕೆಯೂ ಆಯಿತು, ಹೇಳಿಕೊಳ್ಳಲಾರದಷ್ಟು ಖುಷಿಯೂ ಆಯಿತು. ಬರುವುದೋ ಬಿಡುವುದೋ ಎಂದು ಗೊತ್ತಿಲ್ಲದಾಗಲೇ ಈ ಹೆಣ್ಣು ನನ್ನ ನಿದ್ದೆಯ ಚಿಂತೆ ಮಾಡಿದ್ದಳು. ಬಗ್ಗಿ ಗೀಟುಗಳ ಮೇಲೆ ಬೆರಳಾಡಿಸಿದೆ. ಮೂರನೆಯದು ಸ್ವಲ್ಪ ವಾಲಿತ್ತು. ನಾನು ವಾಲಿಸಿ ಎಳೆದಿದ್ದೆನೇ? ನೆನಪಾಗಲಿಲ್ಲ. ಅಂಥ ಗೀಟುಗಳನ್ನು ಅಷ್ಟು ಉಜ್ಜಿದ ತಿಪ್ಪೇಶಿಗೆ ಹಳೇ ಹಸಿರು ಬಳಿದು ಒಂದು ಹೊಸದು ಎಳೆಯುವುದು ಎಷ್ಟರ ಮಾತು?

ಬಾಯಿ ತೆರೆದೆ.

"ಇದನ್ನೂ ಅವನೇ ಗೀಚ್ಯಾನೆ ಅನ್ನಸ್ತಾ?" ಎಂದಳು ಸರೋಜ, ಸೀಟು ಇಳಿಸುತ್ತಾ.

"ಇಲ್ಲಪ್ಪ" ಎಂದೆ.

ಅವಳು ಸೀರೆ ಸರಿಮಾಡಿಕೊಂಡು ಹತ್ತಿ ಕೂತಳು. ಬಲಗೈಯನ್ನು ನನ್ನ ಹೆಗಲ ಮೇಲಿಟ್ಟಳು. ನಮ್ಮೂರ ಕಡೆಗೆ ಹೋಗುವ ಮಲೇಬೆನ್ನೂರಿನ ದಾರಿಗೆ ತಿರುಗಿ, ಊರು ಮುಟ್ಟುವ ತನಕ ನಾನು ಆ ವಾಲಿದ ಗೀಟಿನ ಮಾತೆತ್ತಲಿಲ್ಲ.