ದೊಡ್ಡಪ್ಪನ ಪಥ್ಯ

ಮನುಷ್ಯನ ಆರೋಗ್ಯ ಅವನ ತಟ್ಟೆಯಲ್ಲೇ ಇದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ದೊಡ್ಡಪ್ಪನ ತಟ್ಟೆಯಲ್ಲಿ ಮುದ್ದೆಯೂ ಹುಣಸೆಯಿಲ್ಲದ ಮೆಣಸಿನ ಸಾರೂ ಇದ್ದವು. ಹಲ್ಲುಜ್ಜಿ ಉಗಿದಾಗ ಬಚ್ಚಲಲ್ಲಿ ರಕ್ತವಿತ್ತು.

ಹೊಳೆನರಸೀಪುರದ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಅವರಿಗೆ ಮೊಣಕಾಲಿನ ಕೆಳಗೆ ಗಾಯವಾಗಿತ್ತು. ದೊಡ್ಡಮ್ಮ ಅವತ್ತೇ ಆಜ್ಞೆ ಹೊರಡಿಸಿದರು: "ಮಾಗೋಗಂಟ ಉಳಿ ಮುಟ್ಟಂಗಿಲ್ಲ, ಸೊಪ್ಪು ನಂಜು. ನಾನೇ ಬಿಡಿಸ್ತೀನಿ." ನಮ್ಮ ಕಡೆ ಪಥ್ಯ ಹಿಡಿಸಿದವರೇ ತಲೆಗೆ ನೀರು ಹಾಕಿ, ಹುಳಿಯನ್ನ ಬಡಿಸಿ ಬಿಡಿಸಬೇಕು. ಅಷ್ಟರೊಳಗೆ ದೊಡ್ಡಮ್ಮ ತೀರಿಕೊಂಡರು.

ದೊಡ್ಡಪ್ಪ ಅಳಲಿಲ್ಲ. ನಮ್ಮ ಮನೆಗೆ ಬಂದರು, ಕೊಟ್ಟ ಚಾಪೆಯ ಮೇಲೆ ಕೂತರು, ಬಡಿಸಿದ್ದನ್ನು ಉಂಡರು. ರುಚಿ ಕೇಳಿದರೆ "ಆಯ್ತದೆ" ಎನ್ನುತ್ತಿದ್ದರು. ಗಾಯ ಮಾಗದೆ ಪಥ್ಯ ಬಿಡುವಂತಿರಲಿಲ್ಲ. ಪಥ್ಯ ಬಿಡದೆ ಗಾಯ ಮಾಗುವಂತಿರಲಿಲ್ಲ. ಈ ಎರಡನೆಯದು ನಮಗೆ ಗೊತ್ತಿರಲಿಲ್ಲ.

ನಾಲ್ಕು ತಿಂಗಳಾದರೂ ಗಾಯ ಮಾಗದಿದ್ದಾಗ ಕೊನೆಗೆ ಹಾಸನಕ್ಕೆ ಕರೆದೊಯ್ದೆ. ಡಾಕ್ಟರು ಒಸಡು ಒತ್ತಿ ನೋಡಿದರು.

"ಏನ್ ಯಜಮಾನ್ರೇ, ನಿಂಬೆಹಣ್ಣು ಕಂಡೇ ಇಲ್ವಾ?"

"ಪಥ್ಯ ಸಾ."

"ಯಾರ್ ಹೇಳಿದ್ದು?"

"ಮನೆಯವ್ಳು."

"ಅವರನ್ನೇ ಕರ್ಕೊಂಡ್ ಬನ್ನಿ, ನಾನು ಮಾತಾಡ್ತೀನಿ."

ದೊಡ್ಡಪ್ಪ ನನ್ನ ಮುಖ ನೋಡಿದರು. ನಾನೇ ಹೇಳಬೇಕಾಯಿತು. ಡಾಕ್ಟರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕುವುದು, ತೆಗೆಯುವುದು ಮಾಡಿದರು. ಆಮೇಲೆ, ಗಾಯ ಕೂಡುವುದಕ್ಕೇ ವಿಟಮಿನ್ ಸಿ ಬೇಕು, ನೆಲ್ಲಿಕಾಯಿ, ಸೀಬೆ, ನಿಂಬೆ ತಿನ್ನಿ, ಇಲ್ಲದಿದ್ದರೆ ಹಲ್ಲೂ ಉಳಿಯುವುದಿಲ್ಲ, ಕಾಲೂ ಕೆಡುತ್ತದೆ ಎಂದು ಮೆತ್ತಗೆ ಹೇಳಿ ಮಾತ್ರೆಯನ್ನೂ ಬರೆದರು.

ರಾತ್ರಿ ಅಮ್ಮ ಸಾರಿಗೆ ನಿಂಬೆ ಹಿಂಡಲು ಹೋದರು. ದೊಡ್ಡಪ್ಪ ತಟ್ಟೆಗೆ ಕೈ ಅಡ್ಡ ಹಿಡಿದರು.

"ಡಾಕ್ಟ್ರೇ ಹೇಳವ್ರಲ್ಲ ಬಾವ."

"ಅವ್ಳು ಬಿಡಿಸ್ದೆ ನಾನೆಂಗವ್ವ ಬಿಡ್ಲಿ?"

ಅಮ್ಮ ಹೋಳನ್ನು ಕೈಯಲ್ಲೇ ಹಿಡಿದು ನಿಂತರು. ದೊಡ್ಡಪ್ಪನ ತಟ್ಟೆಯ ಸಾರು ಆರಿತು. ನಾನು ಮಾತ್ರೆ ಶೀಟು ಮುಂದಿಟ್ಟೆ. ದೊಡ್ಡಪ್ಪ ನ್ಯಾಯಾಧೀಶರ ಗಾಂಭೀರ್ಯದಿಂದ ಅದನ್ನು ತಿರುಗಿಸಿ ನೋಡಿ, "ಇದು ಊಟದ ಲೆಕ್ಕಕ್ಕೆ ಬರಕಿಲ್ಲ" ಎಂದು ತೀರ್ಪು ಕೊಟ್ಟು ಒಂದನ್ನು ಅಗಿದರು. ಎರಡೂ ಕಣ್ಣು ಮುಚ್ಚಿದವು, ಕೆನ್ನೆ ಒಳಗೆ ಹೋಯಿತು.

"ಉಳಿ ಐತಾ ಬಾವ?"

"ಔಸ್ತಿ ಕಣವ್ವ."

ದಿನಾ ಒಂದು ಅಗಿದರು. ಒಸಡಿನ ರಕ್ತ ನಿಂತಿತು, ಗಾಯ ಮಾಗಿತು. ಪಥ್ಯ ಬಿಡಲಿಲ್ಲ. ಮರುವರ್ಷ ಹೃದಯಾಘಾತವಾಗಿ ತೀರಿಕೊಂಡರು.